ಕಬ್ಬಿಣದ ನೇಗಿಲು ಮತ್ತು ಕೈಲಾಸವಾಸಿ ಲಕ್ಷ್ಮಣರಾವ ಕಿರ್ಲೋಸ್ಕರರು

ಒಕ್ಕಲಿಗನು ಹೊಸದನ್ನು ಒಲ್ಲನೆಂಬ ದೂರು ನಮ್ಮ ಕಚೇರಿಗಳಲ್ಲಿ ಬಹಳ ಹಳೆಯದು. ಬೀಜವನ್ನು ಕೊಟ್ಟರೆ ಬಿತ್ತನು, ಗೊಬ್ಬರವನ್ನು ಹೇಳಿದರೆ ಹಾಕನು, ಯಂತ್ರವನ್ನು ತೋರಿಸಿದರೆ ನೋಡಿ ನಕ್ಕು ಮನೆಗೆ ಹೋಗುವನು, ಎಂದು ಅಧಿಕಾರಿವರ್ಗವು ಒಂದು ಶತಮಾನದಿಂದ ಒಂದೇ ರಾಗವನ್ನು ಹಾಡುತ್ತ ಬಂದಿರುವದು. ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ ಈ ದೂರು ವಿಚಿತ್ರವಾಗಿ ತೋರಬೇಕು. ಹತ್ತಿಯ ಗಿರಣಿಗಳಿಂದ ಹೆಸರಾದ ಈ ಪಟ್ಟಣದ ಸುತ್ತುಮುತ್ತಲಿನ ರೈತನು ಒಂದೇ ತಲೆಮಾರಿನಲ್ಲಿ ಬೆಳೆಯನ್ನೇ ಬದಲಾಯಿಸಿ, ಹತ್ತಿ ಜೋಳಗಳ ಸ್ಥಾನದಲ್ಲಿ ಸಂಕರ ಮೆಕ್ಕೆಜೋಳವನ್ನು ತಂದು ನಿಲ್ಲಿಸಿರುವನು. ಅವನಿಗೆ ಈ ಕಾರ್ಯವನ್ನು ಯಾವ ಅಧಿಕಾರಿಯೂ ಬಲವಂತದಿಂದ ಮಾಡಿಸಲಿಲ್ಲ. ಹಾಗಿದ್ದರೆ ಒಂದನ್ನು ಕೈಮುಗಿದು ಸ್ವೀಕರಿಸುವ ಅದೇ ರೈತನು ಇನ್ನೊಂದನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸುವದೇಕೆ? ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕಗಳಲ್ಲಿ ಹುಡುಕುವದಕ್ಕಿಂತ, ಈ ಪ್ರಶ್ನೆಯೊಡನೆ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ಪುರುಷರ ಚರಿತ್ರೆಯನ್ನು ನೋಡುವದು ಲೇಸೆಂದು ನಮಗೆ ತೋರುವದು. ಅವರ ಹೆಸರು ಹರಿಹರದ ಜನರಿಗೆ ಅಪರಿಚಿತವಲ್ಲ. ಅರುವತ್ತು ವರ್ಷಗಳ ಕಾಲ ಆ ಊರಿನ ಹಗಲಿರುಳುಗಳನ್ನು ಆಳಿದ ಕಾರಖಾನೆಯು ಅವರ ಮನೆತನದ ಹೆಸರನ್ನೇ ಹೊತ್ತಿದ್ದಿತು.

ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು ೧೮೬೯ನೆಯ ಇಸವಿ ಜೂನ್ ೨೦ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮನೆಮಾತು ಮರಾಠಿ, ಹುಟ್ಟಿದ ನೆಲ ಅಚ್ಚಗನ್ನಡದ್ದು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಊರಿನಲ್ಲಿಯೇ ಎಂಬುದನ್ನು ನೆನೆದರೆ, ಒಂದು ಸಣ್ಣ ಕನ್ನಡ ಹಳ್ಳಿಯು ಮಹಾರಾಷ್ಟ್ರಕ್ಕೆ ಇತ್ತ ಕಾಣಿಕೆಯು ಎಷ್ಟು ದೊಡ್ಡದೆಂದು ಆಶ್ಚರ್ಯವಾಗುವದು. ತಂದೆ ಕಾಶಿನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನಿಗೆ ಶಾಲೆಯ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚುವದು, ಕೂಡಿಸುವದು, ಚಿತ್ರ ಬರೆಯುವದು, ಇವೇ ಅವರ ಆಸಕ್ತಿಗಳು. ೧೮೮೫ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿ ಚಿತ್ರಕಲೆಯನ್ನು ಅಭ್ಯಾಸ ಮಾಡತೊಡಗಿದರು. ಆದರೆ ಕೆಲವು ಬಣ್ಣಗಳ ಭೇದವು ಅವರ ಕಣ್ಣಿಗೆ ತಿಳಿಯುವದಿಲ್ಲವೆಂಬುದು ಅಲ್ಲಿ ಗೊತ್ತಾಯಿತು. ಚಿತ್ರಕಾರನಾಗುವ ಆಸೆಯನ್ನು ಬಿಟ್ಟು ಯಂತ್ರಗಳ ನಕಾಶೆ ತೆಗೆಯುವ ವಿದ್ಯೆಯನ್ನು ಕಲಿತರು; ಬಣ್ಣದ ಗೊಡವೆಯಿಲ್ಲದ ವಿದ್ಯೆ ಅದು. ಮುಂದೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಉಪಾಧ್ಯಾಯರಾದರು.

ಇದೇ ಕಾಲದಲ್ಲಿ, ೧೮೮೮ರಲ್ಲಿ, ಅವರೂ ಅವರ ಸಹೋದರ ರಾಮುಅಣ್ಣನವರೂ ಕೂಡಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನು ತೆರೆದರು. ಆಗ ಸೈಕಲ್ಲೆಂಬುದು ಶ್ರೀಮಂತರ ವಾಹನ. ಅದನ್ನು ಕೊಂಡವನಿಗೆ ಹತ್ತಲಿಕ್ಕೆ ಬಾರದು. ಮಾರುವದರ ಜೊತೆಗೆ ಸವಾರಿಯನ್ನು ಕಲಿಸುವ ಕೆಲಸವನ್ನೂ ಅಂಗಡಿಯವರೇ ವಹಿಸಿಕೊಂಡರು. ಈ ಸಣ್ಣ ಸಂಗತಿಯನ್ನು ವಾಚಕರು ಮರೆಯಬಾರದು. ಸಾಮಾನನ್ನು ಕೊಟ್ಟು ಹಣವನ್ನೆಣಿಸಿಕೊಂಡ ಮಾತ್ರಕ್ಕೆ ವ್ಯಾಪಾರವು ಮುಗಿಯಲಿಲ್ಲ, ಅದನ್ನು ಬಳಸುವ ಬಗೆಯನ್ನು ಕಲಿಸಿದಾಗಲೇ ಮುಗಿಯಿತು ಎಂಬ ಪಾಠವನ್ನು ಆ ಸೋದರರು ನೇಗಿಲನ್ನು ಮುಟ್ಟುವ ಮೊದಲೇ ಕಲಿತಿದ್ದರು.

ತಾಂತ್ರಿಕ ಸಂಸ್ಥೆಯಲ್ಲಿ ತಮಗೆ ಬರಬೇಕಾಗಿದ್ದ ಬಡತಿಯು ಒಬ್ಬ ಆಂಗ್ಲೋ ಇಂಡಿಯನ್ ಗೃಹಸ್ಥರ ಪಾಲಿಗೆ ಹೋದುದರಿಂದ ಲಕ್ಷ್ಮಣರಾಯರು ನೌಕರಿಗೆ ರಾಜೀನಾಮೆಯನ್ನಿತ್ತು ಬೆಳಗಾವಿಗೆ ಮರಳಿದರು. ಪರರ ಆಳಿಕೆಯ ಕಾಲದಲ್ಲಿ ಇಂಥ ಅನ್ಯಾಯಗಳು ಹೊಸವಲ್ಲ. ಅದನ್ನು ನುಂಗಿಕೊಂಡು ಪಿಂಚಿಣಿಯ ದಾರಿ ಕಾದವರು ಅಸಂಖ್ಯರು. ಇವರು ಕಾಯಲಿಲ್ಲ ಎಂಬುದೇ ಇವರ ವೈಶಿಷ್ಟ್ಯ.

ಬೆಳಗಾವಿಯಲ್ಲಿ ಅವರು ಮೊದಲು ಕೈಗೊಂಡದ್ದು ಮೇವು ಕತ್ತರಿಸುವ ಯಂತ್ರ. ಇಡಿಯ ಜೋಳದ ದಂಟನ್ನು ದನದ ಮುಂದೆ ಹಾಕಿದರೆ ಎಲೆಯನ್ನು ತಿಂದು ಗಟ್ಟಿ ಬುಡವನ್ನು ತುಳಿದು ಹಾಳುಮಾಡುವದು ಎಲ್ಲರೂ ಬಲ್ಲ ಮಾತು. ತುಂಡುಮಾಡಿ ಹಾಕಿದರೆ ಬುಡವೂ ಹೊಟ್ಟೆಗೆ ಹೋಗುವದು. ಮೇವಿನ ಬಣವೆಯು ಎಂದಿಗಿಂತ ಒಂದು ತಿಂಗಳು ಹೆಚ್ಚು ಬಾಳಿದರೆ ರೈತನಿಗೆ ಬೇರೆ ಸಾಕ್ಷಿ ಬೇಕಾಗುವದಿಲ್ಲ. ಅವನು ಆ ಲಾಭವನ್ನು ದಿನಾಲು ಕೊಟ್ಟಿಗೆಯಲ್ಲಿ ನಿಂತು ನೋಡುವನು. ಆದುದರಿಂದ ಈ ಯಂತ್ರವು ಅಷ್ಟು ತೊಂದರೆಯನ್ನು ಕೊಡಲಿಲ್ಲ. ತೊಂದರೆ ಕೊಟ್ಟದ್ದು ಕಬ್ಬಿಣದ ನೇಗಿಲು.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಹೊರದೇಶಗಳಿಂದ ಬರುತ್ತಿದ್ದ ನೇಗಿಲುಗಳ ಮಾದರಿಯನ್ನು ಅಭ್ಯಾಸ ಮಾಡಿ ಲಕ್ಷ್ಮಣರಾಯರು ಎರಕದ ಕಬ್ಬಿಣದ ನೇಗಿಲನ್ನು ಸಿದ್ಧಪಡಿಸಿದರು. ಯಂತ್ರವು ಚೆನ್ನಾಗಿದ್ದಿತು. ಕೊಳ್ಳುವವರು ಮಾತ್ರ ಇರಲಿಲ್ಲ. ಕಬ್ಬಿಣವು ಭೂಮಿಗೆ ವಿಷ, ಅದರಿಂದ ಉತ್ತ ಹೊಲವು ಬಂಜೆಯಾಗುವದು ಎಂಬ ನಂಬಿಗೆಯು ರೈತರಲ್ಲಿ ಬಲವಾಗಿದ್ದಿತು. ಮೊದಲ ನೇಗಿಲುಗಳು ಮಾರಾಟವಾಗಲಿಕ್ಕೆ ಎರಡು ವರ್ಷಗಳು ಹಿಡಿದವೆಂದು ಅವರ ಚರಿತ್ರಕಾರರು ಹೇಳುವರು. ಕೈಯಲ್ಲಿ ಬಂಡವಾಳವಿಲ್ಲದ ಮನುಷ್ಯನಿಗೆ ಎರಡು ವರ್ಷ ಸಾಮಾನು ಮೂಲೆಯಲ್ಲಿ ಬಿದ್ದಿರುವದೆಂದರೆ ಏನೆಂಬುದನ್ನು ಪೇಟೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಬಂದು ನಿಂತು, ರೈತನ ಮೌಢ್ಯಕ್ಕೆ ಒಂದು ನಿಟ್ಟುಸಿರನ್ನಿಟ್ಟು ಮುಂದುವರಿಯುವರು. ನಮಗೆ ಅಷ್ಟು ಸುಲಭವಾಗಿ ಮುಂದುವರಿಯಲು ಮನಸ್ಸು ಬಾರದು. ಮೊದಲನೆಯದಾಗಿ, ಈ ನಂಬಿಗೆಯು ನಮ್ಮ ದೇಶದ್ದೇ ಅಲ್ಲ. ಅಮೇರಿಕದ ನ್ಯೂಜರ್ಸಿಯಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎಂಬವರು ೧೭೯೭ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟು ಪಡೆದಾಗ ಅಲ್ಲಿಯ ರೈತರೂ ಇದೇ ಮಾತನ್ನಾಡಿದರು: ಕಬ್ಬಿಣವು ಮಣ್ಣಿಗೆ ವಿಷ, ಕಳೆಯು ಹೆಚ್ಚುವದು. ನ್ಯೂಬೋಲ್ಡರು ಆ ವ್ಯವಹಾರದಲ್ಲಿ ನಷ್ಟವನ್ನೇ ಅನುಭವಿಸಿದರು. ಇಂದು ಜಗತ್ತಿಗೆಲ್ಲ ಟ್ರ್ಯಾಕ್ಟರುಗಳನ್ನು ಮಾರುವ ದೇಶದ ಮುತ್ತಜ್ಜರೂ ನಮ್ಮ ಕೃಷ್ಣಾತೀರದ ಒಕ್ಕಲಿಗರೂ ಒಂದು ಶತಮಾನದ ಅಂತರದಲ್ಲಿ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ಒಂದೇ ಆಕ್ಷೇಪವನ್ನು ತೆಗೆದರೆಂದ ಮೇಲೆ, ಆ ಆಕ್ಷೇಪದ ಬೇರು ಜಾತಿ ದೇಶಗಳಲ್ಲಿಲ್ಲ, ಒಕ್ಕಲುತನದ ಸ್ವಭಾವದಲ್ಲಿಯೇ ಇರುವದೆಂದು ತಿಳಿಯಬೇಕಾಗುವದು.

ಎರಡನೆಯದಾಗಿ, ಮರದ ನೇಗಿಲು ಮಾಡುವ ಕೆಲಸ ಬೇರೆ, ಕಬ್ಬಿಣದ ನೇಗಿಲು ಮಾಡುವ ಕೆಲಸ ಬೇರೆ. ನಮ್ಮ ಹಳೆಯ ನೇಗಿಲು ಮಣ್ಣನ್ನು ಸೀಳುವದು, ಮಗುಚುವದಿಲ್ಲ. ಕಬ್ಬಿಣದ ನೇಗಿಲಿಗೆ ಬಾಗಿದ ರೆಕ್ಕೆಯಿರುವದರಿಂದ ಅದು ಹೆಂಟೆಯನ್ನು ಎತ್ತಿ ತಲೆಕೆಳಗು ಹಾಕುವದು. ಆಳದ ಹಸಿಮಣ್ಣು ಮೇಲೆ ಬರುವದು, ಮೇಲಿನ ಹದಮಣ್ಣು ಕೆಳಗೆ ಹೋಗುವದು. ಹಾಗೆ ಮೇಲೆ ಬಂದ ಮಣ್ಣು ಬಿಸಿಲು ಗಾಳಿ ಕಂಡು ಹದಗೊಳ್ಳುವದಕ್ಕೆ ಕಾಲ ಬೇಕು. ಅದಕ್ಕಿಂತ ಮೊದಲೇ ಬಿತ್ತಿದವನ ಹೊಲದಲ್ಲಿ ಮೊದಲ ವರ್ಷದ ಬೆಳೆಯು ಸೊರಗಿದ್ದರೆ ಅವನು ತಪ್ಪನ್ನು ಯಾವದರ ಮೇಲೆ ಹೊರಿಸುವನು? ಕಬ್ಬಿಣದ ಮೇಲೆಯೇ. ವಿಷವೆಂಬ ಮಾತು ತಪ್ಪಾಗಿರಬಹುದು. ಅದರ ಹಿಂದೆ ಕಣ್ಣಿನಿಂದ ಕಂಡ ಯಾವದೋ ಒಂದು ಬೆಳೆ ಇದ್ದಿತೆಂದೇ ನಮ್ಮ ಎಣಿಕೆ.

ಇನ್ನೊಂದು ಸಂಗತಿಯನ್ನು ನಗರವಾಸಿಗಳು ಅರಿಯರು. ಧಾರವಾಡ, ರಾಣೆಬೆನ್ನೂರು, ಹರಿಹರಗಳ ಕಡೆಯ ಎರೆ ಭೂಮಿಯನ್ನು ಪ್ರತಿವರ್ಷ ಉಳುವ ರೂಢಿಯೇ ಇರಲಿಲ್ಲ. ಎರೆಯು ಬೇಸಗೆಯಲ್ಲಿ ತಾನಾಗಿಯೇ ಬಿರಿದು ಆಳದ ವರೆಗೆ ಗಾಳಿಯನ್ನು ಒಳಗೊಳ್ಳುವದು. ಆದುದರಿಂದ ರೈತನು ವರ್ಷವರ್ಷವೂ ಕುಂಟೆಯನ್ನು ಹೊಡೆದು, ನೇಗಿಲನ್ನು ಕೆಲವು ವರ್ಷಗಳಿಗೊಮ್ಮೆ ಮಾತ್ರ ಹೂಡುತ್ತಿದ್ದನು. ಇದು ಸೋಮಾರಿತನವೆಂದು ಬಗೆದವರು ಉಂಟು. ಅದು ಸೋಮಾರಿತನವಲ್ಲ, ತೇವವನ್ನು ಕಾಯುವ ಉಪಾಯ. ಆದರೆ ಹೊಲದಲ್ಲಿ ಕರಿಕೆಯು ಬೇರು ಬಿಟ್ಟಿತೆಂದರೆ ಕುಂಟೆಯಿಂದ ಏನೂ ಆಗದು. ಮೊಣಕಾಲುದ್ದ ಅಗಿದು ಗಡ್ಡೆಗಳನ್ನು ಆರಿಸಬೇಕು. ಅದಕ್ಕೆ ಆಳಿನ ಕೂಲಿಯೇ ಹೊಲದ ಬೆಲೆಯ ಹತ್ತಿರಕ್ಕೆ ಹೋಗುವದು. ಇಲ್ಲಿ ಕಬ್ಬಿಣದ ನೇಗಿಲಿಗೆ ಸಮಾನವಾದದ್ದು ಬೇರೊಂದಿರಲಿಲ್ಲ. ಕಬ್ಬಿನ ಗದ್ದೆಗೂ ಅದೇ ಮಾತು: ಆಳದ ಉಳುಮೆ ಅಲ್ಲಿ ಬೇಕು, ಮತ್ತು ಅದರ ಖರ್ಚನ್ನು ಹೊರುವ ಹಣವೂ ಆ ಬೆಳೆಯಲ್ಲಿರುವದು. ಅಂದರೆ ನೇಗಿಲು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಲ್ಲ. ಯಾವ ಹೊಲಕ್ಕೆ, ಯಾವ ಬೆಳೆಗೆ, ಎಷ್ಟು ಜೋಡಿ ಎತ್ತುಳ್ಳವನಿಗೆ ಎಂಬುದೇ ಪ್ರಶ್ನೆ. ದೊಡ್ಡ ಕಬ್ಬಿಣದ ನೇಗಿಲನ್ನು ಎಳೆಯಲಿಕ್ಕೆ ಎರಡು ಮೂರು ಜೋಡಿ ಎತ್ತುಗಳು ಬೇಕು. ಒಂದೇ ಜೋಡಿಯುಳ್ಳವನು ನೆರೆಯವರೊಡನೆ ಮುಯ್ಯಿ ಮಾಡಿಕೊಳ್ಳದ ಹೊರತು ಅದನ್ನು ಮುಟ್ಟುವಂತೆಯೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅಡ್ಡಿಯೊಂದು ವರದಿಗಳಲ್ಲಿ ಎಲ್ಲಿಯೋ ಒಂದು ಮೂಲೆಯಲ್ಲಿ ಮಾತ್ರ ಕಾಣುವದು. ಮರದ ನೇಗಿಲನ್ನು ಊರ ಬಡಗಿ ಮಾಡುವನು. ಅದರ ಕುಳವನ್ನು ಊರ ಕಮ್ಮಾರನು ಬಡಿದು ಹರಿತ ಮಾಡುವನು. ಇಬ್ಬರಿಗೂ ಸುಗ್ಗಿಯಲ್ಲಿ ಕಣದಿಂದ ಆಯ ಸಲ್ಲುವದು. ಬಿತ್ತಿಗೆಯ ಮುಂಜಾನೆ ಕುಳ ಮುರಿದರೆ ಮಧ್ಯಾಹ್ನಕ್ಕೆ ಅದು ಸರಿಯಾಗಿ ಹೊಲಕ್ಕೆ ಬರುವದು, ಕೈಯಿಂದ ಒಂದು ದುಡ್ಡೂ ಬಿಚ್ಚಬೇಕಾಗಿಲ್ಲ. ಎರಕದ ಕಬ್ಬಿಣವನ್ನಾದರೋ ಕಮ್ಮಾರನು ಕುಲುಮೆಯಲ್ಲಿ ಕಾಸಿ ಬಡಿದರೆ ಅದು ಬಾಗದು, ಒಡೆಯುವದು. ಸವೆದ ಭಾಗವನ್ನು ತೆಗೆದು ಹೊಸದನ್ನು ತಿರುಪಿನಿಂದ ಕೂಡಿಸಬೇಕು. ಆ ಹೊಸದು ದೂರದ ಅಂಗಡಿಯಲ್ಲಿ ರೋಖು ಹಣಕ್ಕೆ ಸಿಕ್ಕಬೇಕು. ಮುಂಗಾರಿನ ಹದವು ನಾಲ್ಕಾರು ದಿವಸದ್ದು. ಆ ನಾಲ್ಕು ದಿವಸ ನೇಗಿಲು ಮುರಿದು ಬಿದ್ದರೆ ಕಾರಖಾನೆಯವರಿಗೆ ಒಂದು ದೂರಿನ ಕಾಗದ ಬರುವದು, ರೈತನಿಗೆ ವರ್ಷವೇ ಹೋಗುವದು. ಇಷ್ಟನ್ನು ಲೆಕ್ಕ ಹಾಕಿದ ಮೇಲೆ, ಎರಡು ವರ್ಷ ಕೊಳ್ಳದೆ ನಿಂತ ಜನರನ್ನು ಮೂಢರೆನ್ನಲು ನಮಗೆ ನಾಲಗೆ ಏಳುವದಿಲ್ಲ.

ಲಕ್ಷ್ಮಣರಾಯರ ದೊಡ್ಡಸ್ತಿಕೆಯು ಅವರು ರೈತನನ್ನು ಜರೆಯುತ್ತ ಕೂಡ್ರಲಿಲ್ಲ ಎಂಬುದರಲ್ಲಿದೆ. ಅವರು ಉಪದೇಶಕರಲ್ಲ, ಕಾರಖಾನೆಯವರು. ಸಾಮಾನು ಮಾರಾಟವಾಗದಿದ್ದರೆ ಸಾಮಾನಿನಲ್ಲಿಯೇ ದೋಷವನ್ನು ಹುಡುಕಬೇಕಾದವರು. ಸಂಬಳದ ಅಧಿಕಾರಿಗೆ ಈ ಕಷ್ಟವಿರುವದಿಲ್ಲ. ಅವನ ಮಾತು ರೈತನಿಗೆ ಹಿಡಿಸದಿದ್ದರೂ ತಿಂಗಳ ಕೊನೆಗೆ ಅವನ ಮನೆಯ ಒಲೆ ಉರಿಯುವದು.

ಅಷ್ಟರಲ್ಲಿ ಬೆಳಗಾವಿಯಲ್ಲಿ ಬೇರೊಂದು ಸಂಕಟ ಒದಗಿತು. ಊರಿನ ಹೊಸ ಬಡಾವಣೆಗಾಗಿ ಅವರ ಕಾರಖಾನೆಯ ಸ್ಥಳವನ್ನು ಬಿಡಬೇಕಾಯಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ ೩೨ ಎಕರೆ ಜಮೀನನ್ನೂ ಸಾಲದ ನೆರವನ್ನೂ ಅವರು ಕೊಟ್ಟರು. ಆ ಜಮೀನೆಂದರೆ ಪಾಪಾಸುಕಳ್ಳಿಯ ಮೆಳೆ, ನಾಗರಹಾವುಗಳ ಬೀಡು. ೧೯೧೦ನೆಯ ಮಾರ್ಚ್ ತಿಂಗಳಲ್ಲಿ ಇಪ್ಪತ್ತೈದು ಮಂದಿ ಕೆಲಸಗಾರರೂ ಅವರ ಕುಟುಂಬಗಳೂ ಅಲ್ಲಿಗೆ ಬಂದು ಕಳ್ಳಿಯನ್ನು ಕಡಿದು ಊರನ್ನು ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂದಿದೆ. ಅಲ್ಲಿ ಅಸ್ಪೃಶ್ಯತೆಗೆ ಎಡೆಗೊಡಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನು ಕಾವಲಿಗೆ ನೇಮಿಸಿ ನಂಬಿದರು. ಈ ವಿಷಯಗಳೇ ಬೇರೊಂದು ಲೇಖನಕ್ಕೆ ಸಾಕಾಗುವವು; ನಾವು ನೇಗಿಲಿನ ಬೆನ್ನು ಬಿಡುವಂತಿಲ್ಲ.

ರೈಲು ನಿಲ್ದಾಣದ ಮಗ್ಗುಲಲ್ಲಿ ಕಾರಖಾನೆಯು ನಿಂತುದು ನೇಗಿಲಿನ ಭಾಗ್ಯವನ್ನು ತಿರುಗಿಸಿತು. ಸವೆದ ಕುಳಕ್ಕೆ ಬದಲು ಕುಳವು ಪುಣೆಯ ಕಡೆಗೂ ಹುಬ್ಬಳ್ಳಿಯ ಕಡೆಗೂ ರೈಲಿನಲ್ಲಿ ಹೋಗಬಹುದಾಯಿತು. ಸುತ್ತಲಿನದು ಕೃಷ್ಣಾತೀರದ ಕಬ್ಬಿನ ಸೀಮೆ. ನೇಗಿಲಿಗೆ ಖರ್ಚುಮಾಡಲು ಶಕ್ತಿಯುಳ್ಳ ರೈತರು ಕಾರಖಾನೆಯ ಬಾಗಿಲಲ್ಲಿಯೇ ಇದ್ದರು. ಒಬ್ಬನ ಹೊಲದಲ್ಲಿ ಕರಿಕೆ ಸತ್ತುದನ್ನು ಬದುವಿನ ಆಚೆಯವನು ಕಂಡನು. ಬದುವಿನ ಆಚೆಯಿಂದ ಕಂಡದ್ದಕ್ಕಿಂತ ದೊಡ್ಡ ಜಾಹೀರಾತು ಹಳ್ಳಿಯಲ್ಲಿ ಬೇರೊಂದಿಲ್ಲ. ೧೯೧೪ರಲ್ಲಿ ಯುರೋಪಿನ ಮಹಾಯುದ್ಧ ಹುಟ್ಟಿದಾಗ ಹೊರದೇಶದ ನೇಗಿಲುಗಳ ಆಮದು ಕುಗ್ಗಿತು, ಕಿರ್ಲೋಸ್ಕರ ನೇಗಿಲಿಗೆ ಬೇಡಿಕೆ ಏರಿತು. ಕಚ್ಚಾ ಕಬ್ಬಿಣಕ್ಕೂ ಕಲ್ಲಿದ್ದಲಿಗೂ ಪಟ್ಟ ಪರದಾಟ ಆ ಕಾಲದ ಎಲ್ಲ ಸ್ವದೇಶಿ ಕಾರಖಾನೆಗಳ ಸಾಮಾನ್ಯ ಕಥೆ. ಯುದ್ಧ ಮುಗಿದ ಮೇಲೆ ೧೯೨೦ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಎಂಬುದು ಪಾಲುದಾರರ ಕಂಪನಿಯಾಗಿ ನೋಂದಣಿಯಾಯಿತು.

ಅದೇ ವರ್ಷ ಕಿರ್ಲೋಸ್ಕರವಾಡಿಯಿಂದ ಒಂದು ಪತ್ರಿಕೆಯೂ ಹೊರಟಿತು. ಅದರ ಹೆಸರು ಕಿರ್ಲೋಸ್ಕರ ಖಬರ್. ಸಂಪಾದಕರು ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ ಕಿರ್ಲೋಸ್ಕರರು. ಮೊದಲು ಕಾರಖಾನೆಯ ಸುದ್ದಿಗಾಗಿ ಹುಟ್ಟಿದ್ದು, ಮುಂದೆ ಮರಾಠಿಯ ದೊಡ್ಡ ಮಾಸಪತ್ರಿಕೆಗಳಲ್ಲಿ ಒಂದಾಯಿತು. ನಾವು ಪತ್ರಿಕಾವ್ಯವಸಾಯದವರಾದುದರಿಂದ ಮುದ್ರಿತ ಅಕ್ಷರದ ಮಹಿಮೆಯನ್ನು ಹೊಗಳುವ ಆಸೆ ಸಹಜವಾಗಿಯೇ ಆಗುವದು. ಆದರೂ ಸತ್ಯವನ್ನು ಹೇಳಬೇಕು: ಅಕ್ಷರದಿಂದ ಹೆಸರು ಹಬ್ಬುವದು, ನಂಬಿಗೆ ಹುಟ್ಟುವದಿಲ್ಲ. ಈ ಭೇದವನ್ನು ಅಮೇರಿಕದ ಅಯೋವ ಪ್ರಾಂತದಲ್ಲಿ ಬ್ರೈಸ್ ರಯನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ವಿದ್ವಾಂಸರು ಲೆಕ್ಕ ಹಾಕಿ ತೋರಿಸಿದರು. ಅದು ದಾವಣಗೆರೆಯವರಿಗೆ ಅತಿ ಸಮೀಪದ ವಿಷಯ, ಏಕೆಂದರೆ ಅವರು ವಿಚಾರಿಸಿದ್ದು ಸಂಕರ ಮೆಕ್ಕೆಜೋಳವನ್ನು ಕುರಿತೇ. ೨೫೯ ಮಂದಿ ರೈತರನ್ನು ಮಾತನಾಡಿಸಿ ೧೯೪೩ರಲ್ಲಿ ಅವರು ಪ್ರಕಟಿಸಿದ ಶೋಧದ ತಾತ್ಪರ್ಯವಿದು: ೧೯೨೮ರಿಂದ ೧೯೪೧ರ ವರೆಗೆ ಇಬ್ಬರನ್ನುಳಿದು ಎಲ್ಲರೂ ಹೊಸ ಬೀಜವನ್ನು ಒಪ್ಪಿದ್ದರು. ಬೀಜದ ಸುದ್ದಿಯನ್ನು ಹೆಚ್ಚಿನವರು ಮೊದಲು ಕೇಳಿದ್ದು ಮಾರುವವರಿಂದ; ಮನಸ್ಸು ಗಟ್ಟಿಮಾಡಿಕೊಂಡದ್ದು ನೆರೆಹೊರೆಯವರ ಅನುಭವದಿಂದ. ಕೇಳಿದ ಕೂಡಲೆ ಯಾರೂ ಹೊಲವೆಲ್ಲ ಬಿತ್ತಲಿಲ್ಲ. ವರ್ಷಗಳ ಕಾಲ ಕಾದರು, ಮೊದಲು ಒಂದು ತುಂಡಿನಲ್ಲಿ ಬಿತ್ತಿ ನೋಡಿದರು. ಅದೂ ಓದುಬರಹ ಬಲ್ಲ, ಕೈಯಲ್ಲಿ ನೂರಾರು ಎಕರೆಗಳುಳ್ಳ ರೈತರು!

ಬೀಜಕ್ಕೂ ನೇಗಿಲಿಗೂ ಇರುವ ವ್ಯತ್ಯಾಸವು ಇಲ್ಲಿಯೇ ಇದೆ. ಬೀಜವನ್ನು ಅರ್ಧ ಎಕರೆಯಲ್ಲಿ ಪರೀಕ್ಷಿಸಬಹುದು. ಅರ್ಧ ನೇಗಿಲನ್ನು ಕೊಳ್ಳಲಿಕ್ಕಾಗದು. ಔಷಧಿಗೂ ಬೀಜದ ಸೌಲಭ್ಯವೇ ಇರುವದು. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್‌ರು ೧೯೧೦ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಉಪಾಯವನ್ನು ಹೇಳಿದಾಗ, ಹಳೆಯ ಪದ್ಧತಿಯನ್ನು ಬಿಡರೆಂದು ಹೆಸರಾದ ಮಲೆನಾಡಿನ ತೋಟಿಗರು ಅದನ್ನು ಕೈಬಿಡದಂತೆ ಹಿಡಿದುಕೊಂಡರು. ಸಿಂಪಡಿಸಿದ ಮರದಲ್ಲಿ ಗೊನೆ ನಿಂತಿತು, ಪಕ್ಕದ ಮರದಲ್ಲಿ ಉದುರಿತು. ಅದೇ ಮಳೆಗಾಲದಲ್ಲಿ ಪಂಚಾಯತಿ ಮುಗಿಯಿತು. ಕಿರ್ಲೋಸ್ಕರರ ನೇಗಿಲಿಗೆ ಇಂಥ ಶೀಘ್ರ ಸಾಕ್ಷಿ ದೊರೆಯಲಿಲ್ಲ.

ಲಕ್ಷ್ಮಣರಾಯರ ಕಾರಖಾನೆಯು ೧೯೨೬ರಲ್ಲಿ ನೀರೆತ್ತುವ ಪಂಪುಗಳನ್ನು ಮಾಡತೊಡಗಿತು. ಕಬ್ಬಿನ ಗಾಣಗಳು, ಶೇಂಗಾ ಸುಲಿಯುವ ಯಂತ್ರಗಳು ಒಂದೊಂದಾಗಿ ಬಂದವು. ಪಂಪಿನ ವಿಷಯದಲ್ಲಿ ಯಾವ ರೈತನೂ ಕಬ್ಬಿಣವು ನೀರಿಗೆ ವಿಷವೆಂದು ಹೇಳಿದ್ದನ್ನು ನಾವು ಕೇಳಿಲ್ಲ. ಬಾವಿಯ ದಂಡೆಯಲ್ಲಿ ಎತ್ತುಗಳು ದಿನವಿಡೀ ಎಳೆದ ಕಪಿಲೆಯ ನೀರೂ, ಪಂಪು ಒಂದು ತಾಸಿನಲ್ಲಿ ಚೆಲ್ಲಿದ ನೀರೂ ಎರಡೂ ಕಣ್ಣೆದುರಿಗೆ ಹರಿದವು. ಅಲ್ಲಿ ತಡೆದದ್ದು ಅನುಮಾನವಲ್ಲ, ಹಣ. ತಗಾವಿ ಸಾಲಕ್ಕೆ ೧೮೮೩ ಮತ್ತು ೧೮೮೪ರ ಕಾಯಿದೆಗಳಿದ್ದವು. ಆದರೆ ಕಾಯಿದೆಯಿಂದ ರೈತನ ಕೈಗೆ ಹಣ ಬರುವ ದಾರಿಯು ತಲಾಟಿಯ ದಪ್ತರವನ್ನು ಹಾಯ್ದು ಬರಬೇಕಾಗಿದ್ದಿತು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿ ಸ್ಥಾಪಿಸಿದ ಸಹಕಾರಿ ಸಂಘವು ತೋರಿಸಿದ ಮಾರ್ಗವೇ ಈ ಸೀಮೆಯ ಯಂತ್ರಗಳಿಗೆ ನಿಜವಾದ ಹೆದ್ದಾರಿಯೆಂದು ನಮ್ಮ ಅಭಿಪ್ರಾಯ.

ಹರಿಹರದ ಕಾರಖಾನೆಯ ಮಾತಿಗೆ ಬರೋಣ. ಲಕ್ಷ್ಮಣರಾಯರ ಮಗ ಶಂತನುರಾಯರು ಅಮೇರಿಕದಲ್ಲಿ ಯಂತ್ರಶಾಸ್ತ್ರವನ್ನು ಕಲಿತು ೧೯೨೬ರಲ್ಲಿ ಮರಳಿದ್ದರು. ನೇಗಿಲು ಪಂಪುಗಳನ್ನು ಮಾಡುವ ಯಂತ್ರಗಳೇ ಹೊರದೇಶದಿಂದ ಬರಬೇಕಾದರೆ ಸ್ವದೇಶಿಯು ಅರ್ಧವಾಗಿಯೇ ಉಳಿಯುವದು. ಈ ಕೊರತೆಯನ್ನು ತುಂಬಲು ೧೯೪೧ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿಯು ಹುಟ್ಟಿ ಲೇತುಗಳನ್ನು ಮಾಡತೊಡಗಿತು. ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತದ ರಾಣೆಬೆನ್ನೂರು. ನಡುವೆ ರೈಲಿನ ಸೇತುವೆ. ಹರಿಹರೇಶ್ವರನ ಊರೆಂದು ಮಾತ್ರ ತಿಳಿದಿದ್ದ ಪಟ್ಟಣವು ಕಾರಖಾನೆಯ ಸಿಳ್ಳಿಗೆ ಏಳುವದನ್ನು ಕಲಿಯಿತು. ಸುತ್ತಣ ಹಳ್ಳಿಗಳ ಬಡಗಿ ಕಮ್ಮಾರರ ಮಕ್ಕಳಲ್ಲಿ ಅನೇಕರು ಇಲ್ಲಿ ಲೇತಿನ ಮುಂದೆ ನಿಂತರು. ನೇಗಿಲಿನಿಂದ ಆಯವನ್ನು ಕಳೆದುಕೊಂಡವರ ಮನೆಗೆ ಹೀಗೆ ಪಗಾರದ ರೂಪದಲ್ಲಿ ಸ್ವಲ್ಪವಾದರೂ ಮರಳಿತು ಎನ್ನಬಹುದು. ೧೯೪೬ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರಖಾನೆಯೂ ಪುಣೆಯಲ್ಲಿ ತೈಲ ಎಂಜಿನ್ನುಗಳ ಕಾರಖಾನೆಯೂ ಅದೇ ಮನೆತನದಿಂದ ಸ್ಥಾಪಿತವಾದವು. ಹರಿಹರದ ಕಾರಖಾನೆಯು ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿತು. ಅದನ್ನು ನಂಬಿದ್ದ ಕುಟುಂಬಗಳ ಬವಣೆಯನ್ನು ಕಂಡವರು ದಾವಣಗೆರೆ ಹರಿಹರಗಳಲ್ಲಿ ಇಂದಿಗೂ ಬಹಳ ಮಂದಿ ಇರುವರು.

ಈಗಿನ ದಾವಣಗೆರೆ ಜಿಲ್ಲೆಯು ೧೯೯೭ರಲ್ಲಿ ಚಿತ್ರದುರ್ಗದಿಂದ ಬೇರೆಯಾದುದು. ಭದ್ರೆಯ ಕಾಲುವೆ ಬಂದ ಕಡೆ ಭತ್ತ ಅಡಿಕೆ, ಬಾರದ ಕಡೆ ಮೆಕ್ಕೆಜೋಳ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಚನ್ನಗಿರಿ ತಾಲೂಕಿನ ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರವಿದೆ. ಹೊಸ ತಳಿ, ಮಣ್ಣಿನ ಪರೀಕ್ಷೆ, ಹನಿ ನೀರಾವರಿ, ಬಿತ್ತುವ ಯಂತ್ರ, ಯಾವದಕ್ಕೂ ಕೊರತೆಯಿಲ್ಲ. ಮಣ್ಣಿನ ಪರೀಕ್ಷೆಯ ಕಾಗದವು ಮನೆಯ ತೊಲೆಗೆ ಸಿಕ್ಕಿಕೊಂಡು ಹೊಗೆ ಕುಡಿಯುತ್ತಿರುವದನ್ನೂ, ಅದೇ ಮನೆಯವನು ಬೀಜದಂಗಡಿಯಲ್ಲಿ ಹೊಸ ತಳಿಯ ಚೀಲಕ್ಕೆ ಸರದಿಯಲ್ಲಿ ನಿಂತಿರುವದನ್ನೂ ಕಂಡು ಅಧಿಕಾರಿಗಳು ಕೋಪಿಸಿಕೊಳ್ಳುವರು. ಕೋಪಿಸುವ ಮೊದಲು ಅವರು ಲಕ್ಷ್ಮಣರಾಯರ ಗೋದಾಮಿನಲ್ಲಿ ಎರಡು ವರ್ಷ ಧೂಳು ತಿಂದ ನೇಗಿಲುಗಳನ್ನು ಸ್ಮರಿಸಲಿ. ಬೀಜವು ಸೋತರೆ ಬೇರೆ ಬೀಜವುಂಟು, ಪಕ್ಕದವನ ಅನುಭವವುಂಟು, ತೆಗೆದ ಫಸಲಿಗೆ ಮಂಡಿಯಲ್ಲಿ ಧಾರಣೆಯುಂಟು. ಕಾಗದದಲ್ಲಿ ಹೇಳಿದ ಗೊಬ್ಬರವು ಸೊಸಾಯಿಟಿಯಲ್ಲಿ ಹದಕ್ಕೆ ಸರಿಯಾಗಿ ಸಿಕ್ಕದಿದ್ದರೆ ಆ ಕಾಗದಕ್ಕೆ ತೊಲೆಯೇ ಸ್ಥಳ. ಹೊಸ ಪದ್ಧತಿಯಿಂದ ಬೆಳೆ ಹೋದ ವರ್ಷ ನಷ್ಟವನ್ನು ಹೊರುವವರು ಯಾರೆಂಬ ಪ್ರಶ್ನೆಯನ್ನು ರೈತನು ಬಾಯಿಬಿಟ್ಟು ಕೇಳುವದಿಲ್ಲ. ಆದರೆ ಅವನು ಎಲ್ಲಕ್ಕಿಂತ ಮೊದಲು ಎಣಿಸುವದು ಅದನ್ನೇ. ಯಂತ್ರಗಳನ್ನು ಕೊಳ್ಳದೆ ಬಾಡಿಗೆಗೆ 
ಪಡೆಯುವ ಏರ್ಪಾಡು ಬಂದ ಮೇಲೆ ಒಂದೇ ಜೋಡಿ ಎತ್ತಿನವನೂ, ಎತ್ತೇ ಇಲ್ಲದವನೂ ಟ್ರ್ಯಾಕ್ಟರಿನ ನೇಗಿಲಿನಿಂದ ಉಳಿಸುತ್ತಿರುವನು. ಆ ನೇಗಿಲೂ ಕಬ್ಬಿಣದ್ದೇ. ಭೂಮಿಗೆ ವಿಷವೆಂಬ ಮಾತನ್ನು ಈಗ ಯಾರೂ ಆಡುವದಿಲ್ಲ. ಆಡುವವರಿದ್ದರೆ ಅದು ರಾಸಾಯನಿಕ ಗೊಬ್ಬರ ಔಷಧಿಗಳನ್ನು ಕುರಿತು, ಮತ್ತು ಆ ಮಾತನ್ನು ಈಗ ವಿದ್ವಾಂಸರೂ ಕಿವಿಗೊಟ್ಟು ಕೇಳುವರು.

ಲಕ್ಷ್ಮಣರಾಯರು ೧೯೫೬ನೆಯ ಸಪ್ಟಂಬರ ೨೬ರಂದು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜನ್ಮಶತಾಬ್ದಿಯಂದು, ೧೯೬೯ರಲ್ಲಿ, ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಅವರು ಕಣ್ಣುಮುಚ್ಚಿದ ಮೂವತ್ತಾರು ದಿವಸಗಳಿಗೆ, ನವಂಬರ ೧ರಂದು, ಕರ್ನಾಟಕವು ಒಂದಾಯಿತು. ಅವರು ಹುಟ್ಟಿದ ಗುರ್ಲಹೊಸೂರು ಮುಂಬಯಿಯನ್ನು ಬಿಟ್ಟು ಕನ್ನಡ ನಾಡಿಗೆ ಬಂದಿತು. ಅವರು ಕಟ್ಟಿದ ಕಿರ್ಲೋಸ್ಕರವಾಡಿಯು ಆಚೆಗೇ ಉಳಿಯಿತು. ಎರಡು ರಾಜ್ಯಗಳ ಗಡಿಯೆಂದು ಕಾರಖಾನೆ ಕಂಡ ಹರಿಹರವು ಅಂದು ನಾಡಿನ ನಟ್ಟನಡುವಿನ ಊರಾಯಿತು.